ಪೋಸ್ಟ್‌ಗ್ರೆಸ್‌ನಲ್ಲಿ ಕನ್ನಡ ಲೇಖನಗಳ ಹುಡುಕಾಟ: ಸ್ಟೆಮರ್ ಇಲ್ಲದೆ ಎಲ್ಲಿವರೆಗೆ ಹೋಗಬಹುದು?

ಹಳೇಸಂಚಿಕೆ

ಎಲ್ಲರಿಗೂ ನಮಸ್ಕಾರ. ಮಲೆನಾಡಿನ ಒಂದು ವಾರಪತ್ರಿಕೆಯ ಹಳೆಯ ಸಂಚಿಕೆಗಳನ್ನು ಡಿಜಿಟಲ್ ಮಾಡುವ ಕೆಲಸದಲ್ಲಿದ್ದೇನೆ. ಡೇಟಾಬೇಸ್ ಪೋಸ್ಟ್‌ಗ್ರೆಸ್ 15. ಲೇಖನಗಳಿಗೆ ಒಂದು ಟೇಬಲ್ ಇದೆ. ಅದರಲ್ಲಿ ತಲೆಬರಹ, ಬರೆದವರು, ದಿನಾಂಕ, ಪೂರ್ತಿ ಬರಹ ಇವೆ. ಕೆಲವು ವರ್ಷದ ಸಂಚಿಕೆಗಳು ನುಡಿ ತಂತ್ರಾಂಶದಲ್ಲಿ ಟೈಪ್ ಆಗಿದ್ದವು, ಅವನ್ನು ಯೂನಿಕೋಡ್‌ಗೆ ಬದಲಿಸಿದ್ದೇವೆ. ಅದಕ್ಕಿಂತ ಹಳೆಯವು ಸ್ಕ್ಯಾನ್ ಮಾಡಿ, ಚಿತ್ರದಲ್ಲಿನ ಅಕ್ಷರ ಓದುವ ಓಸಿಆರ್‌ನಿಂದ ಬಂದವು.

ಓದುಗರು ಹುಡುಕುವುದು ಅಡಿಕೆ ಧಾರಣೆ, ಕೊಳೆರೋಗ, ಊರಿನ ಹೆಸರು, ಊರಿನ ಹಿರಿಯರ ಹೆಸರು. ಈಗ ಎಸ್‌ಕ್ಯೂಎಲ್‌ನ ಲೈಕ್ ಹಾಕಿ, ಪದದ ಎರಡೂ ಕಡೆ ಪರ್ಸೆಂಟ್ ಚಿಹ್ನೆ ಇಟ್ಟು ಹುಡುಕುತ್ತಿದ್ದೇವೆ. ಟೇಬಲ್ ಪೂರ್ತಿ ಓದಬೇಕಾದ್ದರಿಂದ ನಿಧಾನ. ಆದರೆ ನನಗೆ ಹೆಚ್ಚು ಕಾಡುತ್ತಿರುವುದು ಬೇರೆ. ಪರದೆಯ ಮೇಲೆ ಕಣ್ಣೆದುರೇ ಇರುವ ಪದವನ್ನು ಹುಡುಕಿದರೂ ಕೆಲವು ಸಲ ಏನೂ ಸಿಗುವುದಿಲ್ಲ. ಪೋಸ್ಟ್‌ಗ್ರೆಸ್‌ನ ಫುಲ್ ಟೆಕ್ಸ್ಟ್ ಸರ್ಚ್ ಬಳಸೋಣ ಅಂದರೆ, ಭಾಷೆಗಳ ಪಟ್ಟಿಯಲ್ಲಿ ಕನ್ನಡವೇ ಇಲ್ಲ.

ಇರುವುದು ಒಂದೇ ಸಣ್ಣ ಸರ್ವರ್. ಇದನ್ನು ಡೇಟಾಬೇಸ್ ಒಳಗೇ ಮಾಡಲು ಆಗುತ್ತಾ?

ಟೇಬಲ್‌ಜಾಯಿನ್

ಸರ್, ಎಲಾಸ್ಟಿಕ್‌ಸರ್ಚ್ ಹಾಕಿಬಿಡಿ. ಹುಡುಕಾಟಕ್ಕೆ ಅಂತಲೇ ಮಾಡಿದ್ದು ಅದು. ಅದರ ಒಳಗಿರುವ ಲುಸೀನ್ ಲೈಬ್ರರಿಯಲ್ಲಿ ಭಾರತೀಯ ಲಿಪಿಗಳನ್ನು ಸರಿಪಡಿಸುವ ಫಿಲ್ಟರ್ ಕೂಡ ಇದೆ, ಕನ್ನಡ ಲಿಪಿಯೂ ಸೇರಿ. ಡೇಟಾಬೇಸ್ ಮೇಲೆ ಯಾಕೆ ಭಾರ ಹಾಕಬೇಕು?

ಜಿನ್‌ಪ್ರಿಯ

ಎಲಾಸ್ಟಿಕ್ ಒಳ್ಳೆಯದೇ. ಆದರೆ ಎರಡನೇ ಸರ್ವಿಸ್ ಬಂತು ಅಂದರೆ ಡೇಟಾ ಎರಡು ಕಡೆ ಇರುತ್ತದೆ. ಲೇಖನ ತಿದ್ದಿದಾಗ ಅಲ್ಲೂ ತಿದ್ದಬೇಕು, ಅಳಿಸಿದಾಗ ಅಲ್ಲೂ ಅಳಿಸಬೇಕು. ಮಧ್ಯೆ ಒಂದು ಜಾಬ್ ನಿಂತರೆ ಯಾರಿಗೂ ಗೊತ್ತಾಗುವುದಿಲ್ಲ. ಪೋಸ್ಟ್‌ಗ್ರೆಸ್ ಒಳಗೇ ಇದ್ದರೆ ಇಂಡೆಕ್ಸ್, ಅಂದರೆ ಹುಡುಕಾಟದ ಸೂಚಿ, ಲೇಖನ ಉಳಿಸುವ ಅದೇ ಟ್ರಾನ್ಸಾಕ್ಷನ್‌ನಲ್ಲಿ ಬದಲಾಗುತ್ತದೆ. ಕಮಿಟ್ ಆದ ಕ್ಷಣವೇ ಲೇಖನ ಹುಡುಕಾಟಕ್ಕೆ ಸಿಗುತ್ತದೆ. ಒಂದು ಸಣ್ಣ ಸರ್ವರ್ ಇರುವವರಿಗೆ ಇದು ದೊಡ್ಡ ಲಾಭ.

ಇದು ನಿನ್ನೆ ಮೊನ್ನೆ ಬಂದ ಸೌಲಭ್ಯವೂ ಅಲ್ಲ. ಒಲೆಗ್ ಬರ್ಟುನೋವ್, ಫ್ಯೋದೋರ್ ಸಿಗಾಯೆವ್ ಸೇರಿ ಬರೆದ ಟಿಸರ್ಚ್2 ಮೊದಲು ಬೇರೆ ಮಾಡ್ಯೂಲ್ ಆಗಿತ್ತು. 2008ರಲ್ಲಿ ಬಂದ 8.3ರಿಂದ ಅದು ಪೋಸ್ಟ್‌ಗ್ರೆಸ್‌ನ ಒಳಗೇ ಇದೆ. ಬರಹವನ್ನು ಟೋಕನ್‌ಗಳಾಗಿ, ಅಂದರೆ ಬಿಡಿ ಪದಗಳಾಗಿ, ಒಡೆದು, ಯಾವ ಟೋಕನ್ ಎಲ್ಲೆಲ್ಲಿದೆ ಅಂತ ಟಿಎಸ್‌ವೆಕ್ಟರ್‌ನಲ್ಲಿ ಇಡುತ್ತದೆ. ಅದರ ಮೇಲೆ ಜಿನ್ ಇಂಡೆಕ್ಸ್ ಹಾಕಿದರೆ, ಒಂದೊಂದು ಟೋಕನ್‌ಗೂ ಅದು ಇರುವ ಸಾಲುಗಳ ಪಟ್ಟಿ ಸಿದ್ಧವಾಗಿರುತ್ತದೆ.

ಕನ್ನಡ ಪಟ್ಟಿಯಲ್ಲಿ ಇಲ್ಲದಿರುವುದು ನಿಜ. ಪ್ರತ್ಯಯ ತೆಗೆದು ಪದದ ಮೂಲ ರೂಪ ಕೊಡುವ ಸ್ನೋಬಾಲ್ ಸ್ಟೆಮರ್‌ಗಳಲ್ಲಿ ತಮಿಳು, ನೇಪಾಳಿ 12ನೇ ಆವೃತ್ತಿಯಲ್ಲಿ ಬಂದವು, ಹಿಂದಿ 14ರಲ್ಲಿ ಬಂತು. ನಮಗೆ ಇರುವುದು ಸಿಂಪಲ್ ಅನ್ನುವ ಕಾನ್ಫಿಗರೇಶನ್ ಮಾತ್ರ. ಅದು ಪದವನ್ನು ಇದ್ದ ಹಾಗೇ ಇಟ್ಟುಕೊಳ್ಳುತ್ತದೆ, ಪ್ರತ್ಯಯ ಕಿತ್ತು ಹಾಕುವುದಿಲ್ಲ. ಅದರಿಂದಲೇ ಶುರು ಮಾಡಬಹುದು.

ಅಕ್ಷರಕಾವಲು

ಎಂಜಿನ್ ಯಾವುದು ಅನ್ನುವ ಮಾತು ಆಮೇಲೆ ಆಗಲಿ. ಮೊದಲು ಅಕ್ಷರ ನೋಡಿ. ಕಣ್ಣೆದುರೇ ಇರುವ ಪದ ಸಿಗುತ್ತಿಲ್ಲ ಅಂದಿರಲ್ಲ, ಅದು ಎಲಾಸ್ಟಿಕ್ ಹಾಕಿದರೂ ಹೋಗದೆ ಇರಬಹುದು. ನುಡಿಯಿಂದ ಬದಲಿಸಿದ ಬರಹ, ಓಸಿಆರ್ ಬರಹ, ಫೋನಿನಲ್ಲಿ ಟೈಪ್ ಮಾಡಿದ ಪದ, ಈ ಮೂರೂ ಪರದೆ ಮೇಲೆ ಒಂದೇ ಥರ ಕಾಣುತ್ತವೆ. ಒಳಗಿನ ಕೋಡ್ ಬೇರೆ ಬೇರೆ ಇರಬಹುದು.

ನಾನು ಇಂಥ ಡೇಟಾದಲ್ಲಿ ಜಾಸ್ತಿ ನೋಡಿರುವುದು ಇವನ್ನು.

ಸೂರ್ಯ, ಸೂರ‍್ಯ. ಮೊದಲನೆಯದರಲ್ಲಿ ಅರ್ಕಾವತ್ತು, ಎರಡನೆಯದರಲ್ಲಿ ರ ಕೆಳಗೆ ಯ ಒತ್ತು. ಓದುವವರಿಗೆ ಎರಡೂ ಒಂದೇ. ಆದರೆ ಎರಡನೆಯದರಲ್ಲಿ ರ ಮತ್ತು ಹಲಂತದ ನಡುವೆ ಕಣ್ಣಿಗೆ ಕಾಣದ ಜೀರೋ ವಿಡ್ತ್ ಜಾಯ್ನರ್ ಕೂತಿದೆ. ಕಾರ್ಯ, ಧೈರ್ಯ, ಆಶ್ಚರ್ಯ ಎಲ್ಲದರಲ್ಲೂ ಇದೇ ತೊಂದರೆ.

ರಾಜ್‌ಕುಮಾರ್, ರಾಜ್ಕುಮಾರ್. ಇಲ್ಲಿ ನಾನ್ ಜಾಯ್ನರ್, ಅಕ್ಷರ ಕೂಡಿ ಒತ್ತಾಗದಂತೆ ತಡೆಯುವ ಕಾಣದ ಗುರುತು. ಒಬ್ಬರು ಹಾಕಿ ಬರೆಯುತ್ತಾರೆ, ಇನ್ನೊಬ್ಬರು ಹಾಕದೆ ಬರೆಯುತ್ತಾರೆ.

ಬೆಂಗಳೂರು, ಬೆ೦ಗಳೂರು. ಎರಡನೆಯದರಲ್ಲಿ ಇರುವುದು ಅನುಸ್ವಾರ ಅಲ್ಲ, ಕನ್ನಡದ ಅಂಕಿ ಸೊನ್ನೆ. ಓಸಿಆರ್‌ನಲ್ಲೂ ಕೈಯಲ್ಲಿ ಟೈಪ್ ಮಾಡಿದ್ದರಲ್ಲೂ ಇದು ಸಿಗುತ್ತದೆ.

ಇನ್ನು ಕೊ ಅನ್ನುವುದು. ಒ ಸ್ವರದ ಗುರುತು ಒಂದೇ ಕೋಡ್ ಆಗಿರಬಹುದು, ಇಲ್ಲವೇ ಎ ಗುರುತು ಮತ್ತು ಊ ಗುರುತು ಎರಡು ಸೇರಿ ಆಗಿರಬಹುದು. ಕೀ, ಕೇ, ಕೈ, ಕೋ ಇವಕ್ಕೂ ಹೀಗೇ ಬಿಡಿಸಿ ಬರೆದ ರೂಪ ಇದೆ.

ಸರ್, ಸಿಗದ ಒಂದು ಪದ ಹಿಡಿದು ಅದರ ಕೋಡ್‌ಗಳನ್ನು ಒಂದೊಂದಾಗಿ ಬಿಡಿಸಿ ನೋಡಿ. ಮೇಲಿನ ನಾಲ್ಕರಲ್ಲಿ ಒಂದು ಇದ್ದೇ ಇರುತ್ತದೆ ಅಂತ ನನ್ನ ನಂಬಿಕೆ.

ಹಳೇಸಂಚಿಕೆ

ಮೇಡಂ, ನೀವು ಹೇಳಿದ ಹಾಗೇ ಬಿಡಿಸಿ ನೋಡಿದೆ. "ತೀರ್ಥಹಳ್ಳಿ" ಸಿಗುತ್ತಿರಲಿಲ್ಲ. ನುಡಿಯಿಂದ ಬಂದ ಬರಹದಲ್ಲಿ ರ ಆದಮೇಲೆ ಜಾಯ್ನರ್ ಇದೆ. "ಸಾಗರ" ಎಲ್ಲ ಕಡೆ ಸಿಗುತ್ತಿತ್ತು, "ಹೊಸನಗರ" ಅರ್ಧ ಸಿಗುತ್ತಿತ್ತು. ಹೊ ಎರಡು ಥರ ಇದೆ. ಓಸಿಆರ್ ಬರಹದಲ್ಲಿ ಅಂಕಿ ಸೊನ್ನೆ ತುಂಬಾ ಇದೆ.

ಮೂಲ ಬರಹವನ್ನೇ ತಿದ್ದಿಬಿಡಲಾ?

ಅಕ್ಷರಕಾವಲು

ಬೇಡ. ಮೂಲ ಹಾಗೇ ಇರಲಿ, ಅದು ನಿಮ್ಮ ದಾಖಲೆ. ಹುಡುಕಾಟಕ್ಕೆ ಅಂತಲೇ ಶುದ್ಧ ಮಾಡಿದ ರೂಪ ಬೇರೆ ಇಟ್ಟುಕೊಳ್ಳಿ. ಒಂದು ಫಂಕ್ಷನ್ ಬರೆಯಿರಿ. ಮೊದಲು ಎನ್‌ಎಫ್‌ಸಿ ರೂಪಕ್ಕೆ, ಅಂದರೆ ಬಿಡಿಸಿ ಬರೆದ ಕೋಡ್‌ಗಳನ್ನು ಒಂದಾಗಿಸುವ ಯೂನಿಕೋಡ್ ರೂಪಕ್ಕೆ, ತರಬೇಕು. ಪೋಸ್ಟ್‌ಗ್ರೆಸ್ 13ರಿಂದ ನಾರ್ಮಲೈಸ್ ಫಂಕ್ಷನ್ ಒಳಗೇ ಇದೆ. ಬಿಡಿಸಿ ಬರೆದ ಕೊ, ಕೀ, ಕೈ ಎಲ್ಲ ಅದರಿಂದ ಒಂದಾಗುತ್ತವೆ. ಆಮೇಲೆ ಜಾಯ್ನರ್, ನಾನ್ ಜಾಯ್ನರ್ ಎರಡನ್ನೂ ತೆಗೆಯಿರಿ. ಎನ್‌ಎಫ್‌ಸಿ ಅವನ್ನು ಮುಟ್ಟುವುದಿಲ್ಲ, ಅದಕ್ಕೇ ಬೇರೆಯಾಗಿ ತೆಗೆಯಬೇಕು. ಕೊನೆಗೆ ಅಂಕಿ ಸೊನ್ನೆ: ಅದರ ಹಿಂದೆ ಕನ್ನಡ ಅಕ್ಷರ ಅಥವಾ ಸ್ವರದ ಗುರುತು ಇದ್ದರೆ ಮಾತ್ರ ಅನುಸ್ವಾರ ಮಾಡಿ. ೧೯೯೦ ಅಂತ ಇದ್ದರೆ ಹಿಂದೆ ಅಂಕಿ ಇರುತ್ತದೆ, ಅದಕ್ಕೆ ಏನೂ ಆಗಬಾರದು.

ಹುಡುಕುವವರು ಟೈಪ್ ಮಾಡಿದ ಪದವನ್ನೂ ಇದೇ ಫಂಕ್ಷನ್ ಒಳಗೆ ಹಾಯಿಸಬೇಕು. ಎರಡೂ ಕಡೆ ಒಂದೇ ಫಂಕ್ಷನ್. ಇದನ್ನು ದಯವಿಟ್ಟು ಮರೆಯಬೇಡಿ.

ಜಿನ್‌ಪ್ರಿಯ

ಇದಕ್ಕೆ ಪೋಸ್ಟ್‌ಗ್ರೆಸ್ 12ರಿಂದ ಬಂದ ಜನರೇಟೆಡ್ ಕಾಲಮ್, ಅಂದರೆ ಬೇರೆ ಕಾಲಮ್‌ನಿಂದ ತಾನಾಗೇ ಲೆಕ್ಕವಾಗುವ ಕಾಲಮ್, ಸರಿಹೊಂದುತ್ತದೆ. ಶುದ್ಧ ಮಾಡುವ ಫಂಕ್ಷನ್ ಮೇಲೆ ಟು-ಟಿಎಸ್‌ವೆಕ್ಟರ್ ಹಾಕಿ ಕಾಲಮ್ ಮಾಡಿ, ಟ್ರಿಗರ್ ಬರೆಯುವ ಗೋಜಿಲ್ಲ. ಎರಡು ವಿಷಯ ಗಮನಿಸಿ.

ಟು-ಟಿಎಸ್‌ವೆಕ್ಟರ್‌ಗೆ ಕಾನ್ಫಿಗರೇಶನ್ ಹೆಸರನ್ನೂ ಕೊಡಲೇಬೇಕು. ಬರೀ ಬರಹ ಕೊಟ್ಟರೆ ಅದು ಸೆಟ್ಟಿಂಗ್ ನೋಡಿ ಭಾಷೆ ಆರಿಸಿಕೊಳ್ಳುತ್ತದೆ. ಸೆಟ್ಟಿಂಗ್ ಬದಲಾಗಬಹುದಾದ್ದರಿಂದ ಪೋಸ್ಟ್‌ಗ್ರೆಸ್ ಅದನ್ನು ಜನರೇಟೆಡ್ ಕಾಲಮ್‌ನಲ್ಲಿ ಒಪ್ಪುವುದಿಲ್ಲ. ನಿಮ್ಮ ಫಂಕ್ಷನ್ ಕೂಡ ಇಮ್ಯೂಟಬಲ್ (ಒಂದೇ ಬರಹಕ್ಕೆ ಯಾವಾಗಲೂ ಒಂದೇ ಉತ್ತರ) ಅಂತ ಘೋಷಿಸಿರಬೇಕು.

ಇನ್ನೊಂದು, ಫಂಕ್ಷನ್ ಒಳಗಿನ ನಿಯಮ ಬದಲಿಸಿದರೆ ಹಳೆಯ ಸಾಲುಗಳು ತಾವಾಗೇ ಬದಲಾಗುವುದಿಲ್ಲ. ಕಾಲಮ್ ತೆಗೆದು ಮತ್ತೆ ಸೇರಿಸಿ, ಇಂಡೆಕ್ಸ್ ಮತ್ತೆ ಕಟ್ಟಿ. ಇಲ್ಲದಿದ್ದರೆ ಹೊಸ ಲೇಖನಕ್ಕೆ ಒಂದು ನಿಯಮ, ಹಳೆಯದಕ್ಕೆ ಇನ್ನೊಂದು ಅಂತ ಆಗುತ್ತದೆ.

ಒಂದು ಸಂಚಿಕೆಯ ಬರಹ ಪೂರ್ತಿ ಒಂದೇ ಸಾಲಿನಲ್ಲಿ ಹಾಕಿದ್ದರೆ ಲೇಖನದ ಪ್ರಕಾರ ಬಿಡಿಸಿ. ಒಂದು ಟಿಎಸ್‌ವೆಕ್ಟರ್ 1 ಎಂಬಿ ಮೀರುವ ಹಾಗಿಲ್ಲ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಕೋಡ್‌ಗೂ 3 ಬೈಟ್ ಬೇಕು, ಪ್ರತ್ಯಯ ಸೇರಿ ಬೇರೆ ಬೇರೆ ರೂಪಗಳೂ ಜಾಸ್ತಿ. ಇಂಗ್ಲಿಷ್‌ಗಿಂತ ಬೇಗ ಮಿತಿ ಮುಟ್ಟುತ್ತದೆ.

ಆ್ಯಪ್‌ಕಟ್ಟುವವಳು

ನಾನು ಪೋಸ್ಟ್‌ಗ್ರೆಸ್ ಬಳಸುವುದಿಲ್ಲ, ಫೋನಿನಲ್ಲಿ ಎಸ್‌ಕ್ಯೂಲೈಟ್. ಆದರೂ ಇಲ್ಲಿ ಹೇಳಲೇಬೇಕು, ಯಾಕಂದರೆ ಅಲ್ಲಿ ಇದಕ್ಕಿಂತ ಮೊದಲೇ ಎಡವುತ್ತೇವೆ.

ಎಸ್‌ಕ್ಯೂಲೈಟ್‌ನ ಹುಡುಕಾಟದ ಮಾಡ್ಯೂಲ್ ಎಫ್‌ಟಿಎಸ್5ನಲ್ಲಿ ಸುಮ್ನೆ ಟೇಬಲ್ ಮಾಡಿದರೆ ಯೂನಿಕೋಡ್61 ಅನ್ನುವ ಟೋಕನೈಸರ್ ಬರುತ್ತದೆ. ಅದು ಯೂನಿಕೋಡ್‌ನಲ್ಲಿ ಅಕ್ಷರ, ಅಂಕಿ ಅಂತ ಗುರುತಿಸಿದ್ದನ್ನು ಮಾತ್ರ ಪದದ ಭಾಗ ಅಂದುಕೊಳ್ಳುತ್ತದೆ. ನಮ್ಮ ಕಾಗುಣಿತದ ಗುರುತುಗಳು, ಹಲಂತ ಎಲ್ಲ ಯೂನಿಕೋಡ್ ಪ್ರಕಾರ ಮಾರ್ಕ್ ಅನ್ನುವ ಬೇರೆ ಗುಂಪು. ಹಾಗಾಗಿ ಅಲ್ಲೆಲ್ಲ ಪದ ತುಂಡಾಗುತ್ತದೆ. "ಕನ್ನಡ" ಅನ್ನುವುದು "ಕನ", "ನಡ" ಅಂತ ಎರಡು ಟೋಕನ್.

ಹುಡುಕುವ ಪದವೂ ಹಾಗೇ ತುಂಡಾಗುವುದರಿಂದ ಫಲಿತಾಂಶ ಬರುತ್ತದೆ. ಅದೇ ಅಪಾಯ. ಕೆಲಸ ಮಾಡುತ್ತಿದೆ ಅಂತ ಬಿಟ್ಟುಬಿಡುತ್ತೇವೆ. "ಹಾಲು" ಹುಡುಕಿ ನೋಡಿ: ಹ, ಲ ಎರಡು ತುಂಡು. "ಹುಲಿ"ಯೂ ಹ, ಲ. "ಹೊಲ"ವೂ ಹ, ಲ. ಹಾಲು ಕೇಳಿದವರಿಗೆ ಹುಲಿ, ಹೊಲ ಎರಡೂ ಬರುತ್ತವೆ. ಇಂಗ್ಲಿಷ್‌ನಲ್ಲಿ ಟೆಸ್ಟ್ ಬರೆದವರಿಗೆ ಇದು ಎಂದೂ ಕಾಣುವುದಿಲ್ಲ.

ಟೇಬಲ್ ಮಾಡುವಾಗ ಕ್ಯಾಟಗರೀಸ್ ಅನ್ನುವ ಆಯ್ಕೆಯಲ್ಲಿ ಮಾರ್ಕ್ ಗುಂಪನ್ನೂ ಸೇರಿಸಿದರೆ ಸರಿಹೋಗುತ್ತದೆ. ಜಾಯ್ನರ್‌ಗಳು ಆ ಗುಂಪಿಗೂ ಸೇರುವುದಿಲ್ಲ, ಅವನ್ನು ಮೊದಲೇ ತೆಗೆದಿರಬೇಕು.

ಪೋಸ್ಟ್‌ಗ್ರೆಸ್‌ನಲ್ಲಿ ಈ ಸಮಸ್ಯೆ ಇಲ್ವಾ?

ಜಿನ್‌ಪ್ರಿಯ

ಹಾಲು, ಹುಲಿ ಉದಾಹರಣೆ ಚೆನ್ನಾಗಿದೆ. ಇನ್ನು ಮೇಲೆ ಯಾವ ಡೇಟಾಬೇಸ್ ಬಂದರೂ ಈ ಮೂರು ಪದ ಹಾಕಿ ಪರೀಕ್ಷೆ ಮಾಡುತ್ತೇನೆ.

ಪೋಸ್ಟ್‌ಗ್ರೆಸ್‌ನ ಮೂಲ ಪಾರ್ಸರ್‌ನಲ್ಲಿ ಇದಕ್ಕೆ ವ್ಯವಸ್ಥೆ ಇದೆ. ಅದರ ಸೋರ್ಸ್ ತೆರೆದರೆ, ಅಕ್ಷರ ಅಲ್ಲದಿದ್ದರೂ ಪದವನ್ನು ಒಡೆಯಬಾರದ ಗುರುತುಗಳ ಒಂದು ಪಟ್ಟಿ ಕಾಣುತ್ತದೆ. ಅದರಲ್ಲಿ ಕನ್ನಡದ ಅನುಸ್ವಾರ, ವಿಸರ್ಗ, ದೀರ್ಘದ ಗುರುತುಗಳನ್ನು ಹೆಸರು ಹಿಡಿದು ಬರೆದಿದ್ದಾರೆ. ಹಲಂತದಂಥ ಅಗಲವಿಲ್ಲದ ಗುರುತುಗಳನ್ನು ಬೇರೆ ನಿಯಮದಿಂದ ಬಿಡುತ್ತಾರೆ. ಹಾಗಾಗಿ "ಕನ್ನಡ" ಒಂದೇ ಟೋಕನ್. ಟಿಎಸ್-ಡೀಬಗ್ ಫಂಕ್ಷನ್‌ಗೆ ಒಂದು ವಾಕ್ಯ ಕೊಟ್ಟು ನೋಡಿ, ಒಂದೊಂದು ಟೋಕನ್ನೂ ಬೇರೆ ಸಾಲಾಗಿ ಬರುತ್ತದೆ.

ಆದರೆ ಪದವನ್ನು ಮೂರು ಮೂರು ಅಕ್ಷರದ ತುಂಡು ಮಾಡಿ ಹೋಲಿಸುವ ಪಿಜಿ-ಟ್ರೈಗ್ರಾಮ್ ಎಕ್ಸ್‌ಟೆನ್ಷನ್ ಬೇರೆ. ಅದು ಅಕ್ಷರ, ಅಂಕಿ ಬಿಟ್ಟು ಉಳಿದದ್ದನ್ನು ಎಸೆಯುತ್ತದೆ. ನಮ್ಮ ಸರ್ವರ್‌ನ ಲೋಕೇಲ್‌ನಲ್ಲಿ (ಭಾಷೆಯ ಸೆಟ್ಟಿಂಗ್) ಸ್ವರದ ಗುರುತು ಉಳಿಯುತ್ತದೆ, ಹಲಂತ ಉಳಿಯುವುದಿಲ್ಲ. "ಅಕ್ಕಿ" ಅನ್ನುವುದು "ಅಕ", "ಕಿ" ಆಗುತ್ತದೆ. ಲೈಕ್ ಹುಡುಕಾಟಕ್ಕೆ ಅದನ್ನು ಬಳಸಿದರೆ ಉತ್ತರ ತಪ್ಪುವುದಿಲ್ಲ, ಕೊನೆಗೆ ಮೂಲ ಸಾಲನ್ನು ಮತ್ತೆ ಪರೀಕ್ಷಿಸುತ್ತದೆ. ಎರಡು ಪದ ಎಷ್ಟು ಹತ್ತಿರ ಅಂತ ಅಳೆಯಲು ಮಾತ್ರ ಕನ್ನಡಕ್ಕೆ ನೇರವಾಗಿ ನಂಬಬೇಡಿ.

ಹಳೇಸಂಚಿಕೆ

ಶುದ್ಧ ಮಾಡಿದ ಕಾಲಮ್, ಜಿನ್ ಇಂಡೆಕ್ಸ್ ಎರಡೂ ಹಾಕಿದೆ. ತೀರ್ಥಹಳ್ಳಿ, ಹೊಸನಗರ ಎಲ್ಲ ಸಿಗುತ್ತಿವೆ. ವೇಗದ ಬಗ್ಗೆ ಈಗ ಮಾತೇ ಇಲ್ಲ.

ಮುಂದಿನ ಕಷ್ಟ ವಿಭಕ್ತಿ ಪ್ರತ್ಯಯ. "ತೀರ್ಥಹಳ್ಳಿ" ಹುಡುಕಿದರೆ "ತೀರ್ಥಹಳ್ಳಿಯಲ್ಲಿ" ಬರುವುದಿಲ್ಲ. ಪತ್ರಿಕೆಯಲ್ಲಿ ಊರಿನ ಹೆಸರು ಬರೀ ಹೆಸರಾಗಿ ಬರುವುದು ಕಡಿಮೆ, ಅಲ್ವಾ?

ಟೇಬಲ್‌ಜಾಯಿನ್

ಪ್ರಿಫಿಕ್ಸ್ ಹುಡುಕಾಟ ಹಾಕಿ. ಪದದ ಕೊನೆಗೆ ಕೋಲನ್, ನಕ್ಷತ್ರ. ತೀರ್ಥಹಳ್ಳಿಯಿಂದ ಶುರುವಾಗುವ ಎಲ್ಲವೂ ಬರುತ್ತವೆ. ಜಿನ್ ಇಂಡೆಕ್ಸ್ ಅದನ್ನೂ ಬಳಸುತ್ತದೆ.

ಅಕ್ಷರಕಾವಲು

ಊರಿನ ಹೆಸರಿಗೆ, ಎ ಇ ಸ್ವರದಲ್ಲಿ ಮುಗಿಯುವ ಪದಕ್ಕೆ ಅಷ್ಟೇ ಸಾಕು. ಮನೆ, ಅಡಿಕೆ, ಮಳೆ. ಮನೆಗೆ, ಮನೆಯಿಂದ, ಮನೆಗಳು ಎಲ್ಲ "ಮನೆ"ಯಿಂದಲೇ ಶುರು.

ಅ ಸ್ವರದಲ್ಲಿ ಮುಗಿಯುವ ಪದಕ್ಕೆ ಇದೇ ಉಪಾಯ ಕೈಕೊಡುತ್ತದೆ. "ಮರ" ತೆಗೆದುಕೊಳ್ಳಿ. ಡೇಟಾಬೇಸ್ ನೋಡುವುದು ಕೋಡ್‌ಗಳ ಸಾಲನ್ನು. "ಮರಿ" ಅಂದರೆ ಮ, ರ, ಆಮೇಲೆ ಇ ಗುರುತು. ಹಾಗಾಗಿ ಅದೂ "ಮರ"ದಿಂದಲೇ ಶುರುವಾಗುತ್ತದೆ. ಮರೆವು, ಮರಾಠಿ, ಮರಣ, ಮರಳು ಎಲ್ಲವೂ ಬಂದು ಕೂರುತ್ತವೆ. ಮರ ಕಡಿದ ಸುದ್ದಿ ಹುಡುಕಿದವರಿಗೆ ಕುರಿಮರಿ ಬಿಟ್ಟು ಬೇರೆಲ್ಲ ಮರಿಗಳ ಸುದ್ದಿ!

ಉ ಸ್ವರದ್ದು ಇನ್ನೊಂದು ಥರ. "ಊರು" ಪ್ರಿಫಿಕ್ಸ್ ಹಾಕಿದರೆ "ಊರಿಗೆ" ಸಿಗುವುದಿಲ್ಲ, ಕೊನೆಯ ಉ ಬಿದ್ದುಹೋಗಿದೆ. "ಊರ" ಅಂತ ಕತ್ತರಿಸಿದರೆ "ಊರ್ಮಿಳೆ"ಯೂ ಬರುತ್ತಾಳೆ.

ನನ್ನ ಸಲಹೆ: ಬರಹದ ಕಡೆ ಪ್ರತ್ಯಯ ಕೀಳಲು ಹೋಗಬೇಡಿ. ಹುಡುಕುವ ಪದವನ್ನೇ ಬಿಚ್ಚಿ. ಶಾಲೆಯಲ್ಲಿ ಕಲಿತ ವಿಭಕ್ತಿ ಪ್ರತ್ಯಯಗಳೇ ಸಾಕು. ಅ ಕೊನೆಯಲ್ಲಿದ್ದರೆ: ಮರ ಇದ್ದ ಹಾಗೇ, ಜೊತೆಗೆ ಮರದ, ಮರಕ್ಕ, ಮರಗಳ, ಮರವ ಇವು ಪ್ರಿಫಿಕ್ಸ್ ಆಗಿ. ಎಲ್ಲವನ್ನೂ "ಅಥವಾ" ಚಿಹ್ನೆಯಿಂದ ಸೇರಿಸಿ ಒಂದು ಟಿಎಸ್‌ಕ್ವೆರಿ (ಹುಡುಕಾಟದ ಪ್ರಶ್ನೆ) ಮಾಡಿ. ಮರಿ, ಮರಣ ಎರಡೂ ಹೊರಗೆ ಉಳಿಯುತ್ತವೆ. ಉ ಕೊನೆಯಲ್ಲಿದ್ದರೆ: ಊರ ಇದ್ದ ಹಾಗೇ, ಜೊತೆಗೆ ಊರು, ಊರಿ, ಊರಲ್ಲ ಪ್ರಿಫಿಕ್ಸ್.

ಹೀಗೆ ಮಾಡಿದರೆ ನಿಯಮ ತಿದ್ದಿದಾಗ ಇಂಡೆಕ್ಸ್ ಮತ್ತೆ ಕಟ್ಟಬೇಕಿಲ್ಲ. ಆ ಪಟ್ಟಿ ಆ್ಯಪ್ ಕೋಡ್‌ನಲ್ಲಿ ಇರುತ್ತದೆ ಅಷ್ಟೇ.

ಪೂರ್ತಿ ಸರಿ ಅಂತ ಹೇಳಲಾರೆ. "ಕಾಡು" ಹುಡುಕಿದರೆ ಕಾಡಿಗೆ ಹೋದವರೂ ಬರುತ್ತಾರೆ, ಕಣ್ಣಿನ ಕಾಡಿಗೆಯೂ ಬರುತ್ತದೆ. ಅಷ್ಟನ್ನು ಓದುಗರೇ ಬೇರೆ ಮಾಡಿಕೊಳ್ಳುತ್ತಾರೆ. ಕ್ರಿಯಾಪದಕ್ಕೆ ಇದು ಸಾಲದು, ಹೋಗು ಎಲ್ಲಿ, ಹೋದ ಎಲ್ಲಿ. ಆದರೆ ಹಳೆಯ ಪತ್ರಿಕೆಯಲ್ಲಿ ಜನ ಹುಡುಕುವುದು ಹೆಚ್ಚಾಗಿ ನಾಮಪದ.

ತೋಟದಮನೆ

ನಾನು ಡೇಟಾಬೇಸ್ ಕೆಲಸದವನಲ್ಲ, ಇಂಥ ಹಳೆಯ ಪತ್ರಿಕೆ ಹುಡುಕುವವನು. ನಮ್ಮ ಕಡೆ "ಅಡಿಕೆ" ಅಂತಲೂ ಬರೆಯುತ್ತಾರೆ, "ಅಡಕೆ" ಅಂತಲೂ ಬರೆಯುತ್ತಾರೆ. ಕೊಳೆರೋಗಕ್ಕೆ ಇನ್ನು ಕೆಲವು ಕಡೆ "ಮಹಾಳಿ" ಅನ್ನುತ್ತಾರೆ. ಕೆಲವರು "ಕೊಳೆ ರೋಗ" ಅಂತ ಬಿಡಿಸಿ ಬರೆಯುತ್ತಾರೆ. ಅದಕ್ಕೆ ಹೊಡೆಯುವ ಔಷಧಿಯನ್ನು ಒಬ್ಬರು "ಬೋರ್ಡೋ" ಅಂದರೆ ಇನ್ನೊಬ್ಬರು "ಬೋರ್ಡೊ", ಮತ್ತೊಬ್ಬರು "ಮೈಲುತುತ್ತ" ಅಂತಲೇ ಬರೆದು ಸುಣ್ಣದ ಲೆಕ್ಕ ಕೊಟ್ಟಿರುತ್ತಾರೆ. ಒಂದು ಪದ ಹಾಕಿದರೆ ಇವೆಲ್ಲ ಬರುವ ಹಾಗೆ ಮಾಡಿದರೆ ತೋಟದವರಿಗೆ ದೊಡ್ಡ ಉಪಕಾರ.

ಜಿನ್‌ಪ್ರಿಯ

ಇಂಥ ಪಟ್ಟಿ ಕೊಡಲು ನಿಮ್ಮಂಥವರೇ ಬೇಕು ಸರ್.

ಪೋಸ್ಟ್‌ಗ್ರೆಸ್‌ನಲ್ಲಿ ಸಿನೋನಿಮ್ ಡಿಕ್ಷನರಿ ಇದೆ, ಥೆಸಾರಸ್ ಡಿಕ್ಷನರಿಯೂ ಇದೆ. ಆದರೆ ಆ ಫೈಲ್ ಸರ್ವರ್‌ನ ಫೋಲ್ಡರ್ ಒಳಗೆ ಇಡಬೇಕು. ಕ್ಲೌಡ್‌ನಲ್ಲಿ ಬಾಡಿಗೆಗೆ ತೆಗೆದುಕೊಂಡ ಡೇಟಾಬೇಸ್ ಆದರೆ ಆ ಫೋಲ್ಡರ್ ಸಾಮಾನ್ಯವಾಗಿ ನಮ್ಮ ಕೈಗೆ ಸಿಗುವುದಿಲ್ಲ. ಅದಕ್ಕಿಂತ ಒಂದು ಟೇಬಲ್ ಮಾಡಿ: ಒಂದು ಕಾಲಮ್‌ನಲ್ಲಿ ಗುಂಪು, ಇನ್ನೊಂದರಲ್ಲಿ ಪದ. ಅಡಿಕೆ, ಅಡಕೆ ಒಂದು ಗುಂಪು. ಕೊಳೆರೋಗ, ಮಹಾಳಿ ಇನ್ನೊಂದು. ಹುಡುಕುವಾಗ ಆ ಗುಂಪಿನ ಎಲ್ಲ ಪದವನ್ನೂ ಮೇಲೆ ಮೇಡಂ ಹೇಳಿದ ಹಾಗೆ ಬಿಚ್ಚಿ. ಪತ್ರಿಕೆಯವರೇ ಕೂತು ಪದ ಸೇರಿಸಬಹುದು, ಪ್ರೋಗ್ರಾಮರ್ ಬೇಕಿಲ್ಲ.

"ಕೊಳೆ ರೋಗ" ಬಿಡಿಸಿ ಬರೆದಿದ್ದಕ್ಕೆ ಫ್ರೇಸ್ ಆಪರೇಟರ್ ಇದೆ. ಕೊಳೆ ಆದ ತಕ್ಷಣ ರೋಗ ಬರಬೇಕು ಅಂತ ಹೇಳಬಹುದು. ಆ ಗುಂಪಿನ ಸಾಲಾಗಿ ಅದನ್ನೂ ಇಟ್ಟುಕೊಳ್ಳಿ.

ಆ್ಯಪ್‌ಕಟ್ಟುವವಳು

ಕಾಗುಣಿತ ತಪ್ಪಿಸಿ ಬರೆದವರಿಗೆ? ಶ ಷ ಸ, ಳ ಲ, ಣ ನ, ಅಲ್ಪಪ್ರಾಣ ಮಹಾಪ್ರಾಣ. ಎಲ್ಲವನ್ನೂ ಒಂದೇ ಅಕ್ಷರಕ್ಕೆ ಇಳಿಸಿ ಇಂಡೆಕ್ಸ್ ಮಾಡಿದರೆ ಹೇಗೆ?

ಅಕ್ಷರಕಾವಲು

ಮಾಡಬಹುದು, ಆದರೆ ಅದೊಂದನ್ನೇ ಇಟ್ಟುಕೊಳ್ಳಬೇಡಿ. ಳ ಅನ್ನು ಲ ಮಾಡಿದರೆ ಹಳ್ಳಿ ಮತ್ತು ಹಲ್ಲಿ ಒಂದಾಗುತ್ತವೆ. ಹಳ್ಳಿ ಅನ್ನುವ ಪದ ಇಲ್ಲದ ಸಂಚಿಕೆ ಮಲೆನಾಡಿನಲ್ಲಿ ಇದೆಯಾ? ಸಡಿಲ ರೂಪಕ್ಕೆ ಬೇರೆ ಕಾಲಮ್ ಇರಲಿ. ಸರಿಯಾದ ರೂಪದಲ್ಲಿ ಏನೂ ಸಿಗದಿದ್ದಾಗ ಮಾತ್ರ ಅಲ್ಲಿ ಹುಡುಕಿ, "ಇದನ್ನು ಹುಡುಕಿದಿರಾ" ಅಂತ ತೋರಿಸಿ.

ತುಂಬ ಜನ ಫೋನಿನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಅಡಿಕೆ ಅಂತ ಟೈಪ್ ಮಾಡುತ್ತಾರೆ. ಅವರಿಗಾಗಿ ತಲೆಬರಹ ಮತ್ತು ಹೆಸರುಗಳನ್ನು ಮಾತ್ರ ಇಂಗ್ಲಿಷ್ ಅಕ್ಷರಕ್ಕೆ ಬದಲಿಸಿ ಒಂದು ಕಾಲಮ್ ಇಡಿ. ಅದರ ಮೇಲೆ ಪಿಜಿ-ಟ್ರೈಗ್ರಾಮ್ ಸರಿಯಾಗಿ ಕೆಲಸ ಮಾಡುತ್ತದೆ, ಅಲ್ಲಿ ಹಲಂತದ ಕಾಟ ಇಲ್ಲ. ಹೋಲಿಕೆಯ ಮಿತಿ ಮೊದಲೇ 0.3 ಇರುತ್ತದೆ, ನಿಮ್ಮ ಹೆಸರುಗಳನ್ನು ಹಾಕಿ ನೋಡಿ ಏರಿಸಿ ಇಳಿಸಿ.

ಟೇಬಲ್‌ಜಾಯಿನ್

ಇಷ್ಟೆಲ್ಲ ಓದಿದ ಮೇಲೆ ನನಗೂ ಅನಿಸುತ್ತಿದೆ, ಎಲಾಸ್ಟಿಕ್ ಹಾಕಿದ್ದರೂ ಸೊನ್ನೆಯ ಕೆಲಸ, ವಿಭಕ್ತಿಯ ಕೆಲಸ, ಮಹಾಳಿಯ ಪಟ್ಟಿ ನಾವೇ ಮಾಡಬೇಕಿತ್ತು. ಸಂಚಿಕೆಗಳು ತುಂಬ ಬೆಳೆದರೆ ಆಗ ಯೋಚಿಸಿ. ಫಲಿತಾಂಶದ ಕ್ರಮ ಹೇಗೆ ಮಾಡುತ್ತಿದ್ದೀರಿ?

ಹಳೇಸಂಚಿಕೆ

ಸೆಟ್-ವೇಟ್ ಬಳಸಿ, ಮಹತ್ವದ ದರ್ಜೆಯಾಗಿ ತಲೆಬರಹಕ್ಕೆ ಎ, ಬರೆದವರಿಗೆ ಬಿ, ಬರಹಕ್ಕೆ ಡಿ ಕೊಟ್ಟಿದ್ದೇನೆ. ಟಿಎಸ್-ರ‍್ಯಾಂಕ್ ತಾನಾಗೇ ಎಗೆ 1, ಬಿಗೆ 0.4, ಡಿಗೆ 0.1 ಲೆಕ್ಕ ಹಿಡಿಯುತ್ತದೆ. ತಲೆಬರಹದಲ್ಲಿ ಅಡಿಕೆ ಇರುವ ಲೇಖನ ಮೇಲೆ ಬರುತ್ತದೆ. ಧಾರಣೆ ಹುಡುಕುವವರಿಗೆ ಮಾತ್ರ ದಿನಾಂಕದ ಕ್ರಮ ಬೇಕು, ಅದಕ್ಕೆ ಪುಟದಲ್ಲೇ ಒಂದು ಬಟನ್ ಇಟ್ಟಿದ್ದೇವೆ.

ಒಂದು ವಿಷಯ ಉಳಿದಿದೆ. ಸಿಕ್ಕ ಪದವನ್ನು ಹಳದಿ ಮಾಡಿ ತೋರಿಸಲು ಟಿಎಸ್-ಹೆಡ್‌ಲೈನ್ ಹಾಕಿದೆ. ತೀರ್ಥಹಳ್ಳಿಯ ಕೆಲವು ಲೇಖನ ಸಿಗುತ್ತವೆ, ಆದರೆ ಪದ ಹಳದಿ ಆಗುವುದಿಲ್ಲ.

ಅಕ್ಷರಕಾವಲು

ಮೂಲ ಬರಹ ಕೊಡುತ್ತಿದ್ದೀರಿ ಅನಿಸುತ್ತದೆ. ಹೆಡ್‌ಲೈನ್ ಇಂಡೆಕ್ಸ್ ನೋಡುವುದಿಲ್ಲ, ಕೊಟ್ಟ ಬರಹವನ್ನು ಮತ್ತೆ ಟೋಕನ್ ಮಾಡುತ್ತದೆ. ಮೂಲದಲ್ಲಿ ಜಾಯ್ನರ್ ಇನ್ನೂ ಇದೆ, ಹಾಗಾಗಿ ಹೊಂದುವುದಿಲ್ಲ. ಶುದ್ಧ ಮಾಡಿದ ಬರಹ ಕೊಡಿ. ತುಣುಕಿನಲ್ಲಿ ರ ಕೆಳಗಿನ ಒತ್ತು ಹೋಗಿ ಅರ್ಕಾವತ್ತು ಬರುತ್ತದೆ, ಓದಲು ತೊಂದರೆ ಇಲ್ಲ. ಲೇಖನ ತೆರೆದಾಗ ಮೂಲವನ್ನೇ ತೋರಿಸಿ. ಹೆಡ್‌ಲೈನ್ ನಿಧಾನ, ಅದಕ್ಕೇ ಮೊದಲ ಪುಟದ ಫಲಿತಾಂಶಕ್ಕೆ ಮಾತ್ರ ಹಾಕಿ.

ಹಳೇಸಂಚಿಕೆ

ಸರಿಹೋಯ್ತು ಮೇಡಂ, ಎಲ್ಲ ಕಡೆ ಹಳದಿ ಬರುತ್ತಿದೆ. ತೋಟದಮನೆ ಸರ್, ಪದಗಳ ಗುಂಪಿನ ಟೇಬಲ್ ಸಿದ್ಧವಾಗಿದೆ. ಅಡಿಕೆ, ಕೊಳೆರೋಗ, ಬೋರ್ಡೋ ಹಾಕಿದ್ದೇನೆ. ಏಲಕ್ಕಿ, ಕಾಳುಮೆಣಸಿನ ಪದಗಳನ್ನೂ ದಯವಿಟ್ಟು ಇಲ್ಲೇ ಬರೆಯಿರಿ, ನಿಮ್ಮ ಊರ ಕಡೆ ಹೇಳುವ ಹಾಗೇ.

ತೋಟದಮನೆ

ಏಲಕ್ಕಿ, ಯಾಲಕ್ಕಿ ಒಂದು ಗುಂಪು. ಕಾಳುಮೆಣಸು, ಕರಿಮೆಣಸು, ಮೆಣಸಿನಕಾಳು, ಒಳ್ಳೆಮೆಣಸು ಒಂದು ಗುಂಪು. ಬರೀ "ಮೆಣಸು" ಸೇರಿಸಬೇಡಿ, ಮೆಣಸಿನಕಾಯಿಯ ಸುದ್ದಿ ಎಲ್ಲ ಬಂದುಬಿಡುತ್ತದೆ. ಧಾರಣೆ, ದರ, ರೇಟು, ಬೆಲೆ ಇನ್ನೊಂದು ಗುಂಪು. ಉಳಿದದ್ದು ಮನೆಯ ಹಿರಿಯರನ್ನು ಕೇಳಿ ನಾಳೆ ಬರೆಯುತ್ತೇನೆ.